ಕೊಟ್ಟಿಗೆಗೆ ಶೀಟು ಹಾಕುವ ಮುನ್ನ



ಯುಗಾದಿ ಕಳೆದು ಮಾವಿನಕಾಯಿ ದಪ್ಪವಾಗುವ ಹೊತ್ತಿಗೆ ನಮ್ಮ ಬಂಗಾರಪೇಟೆ, ಕೆ.ಜಿ.ಎಫ್. ಕಡೆ ಸಂಜೆಯ ಗಾಳಿಮಳೆ ಶುರುವಾಗುತ್ತದೆ. ಮಳೆ ಬರುವುದು ಸ್ವಲ್ಪವೇ ಆದರೂ ಅದಕ್ಕೂ ಮೊದಲು ಬೀಸುವ ಗಾಳಿ ಮಾಡುವ ಹಾನಿ ಹೆಚ್ಚು. ಮಾವು ಉದುರಿದ್ದು, ಟೊಮೇಟೊ ಕಡ್ಡಿ ಮಲಗಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಟ್ಟಿಗೆಯ ಶೀಟು ಹಾರಿಹೋದದ್ದು ಮಾತ್ರ ಆ ಮನೆಯವರ ಪಾಡು. ಹಸುವಿನ ಬೆನ್ನು ಶೀಟಿನ ಅಂಚಿಗೆ ಸಿಕ್ಕಿ ಸೀಳಿಹೋದಾಗ ಅಥವಾ ತೊಲೆ ಬಿದ್ದು ಸೊಂಟ ಮುರಿದಾಗ ನಮಗೆ ಕರೆ ಬರುತ್ತದೆ. ಕಟ್ಟಿಹಾಕಿದ ಪ್ರಾಣಿ ಓಡಿಹೋಗಲಾರದು. ಸೊಂಟ ಮುರಿದು ಮಲಗಿದ ಹಸುವಿಗೆ ಪಶುವೈದ್ಯರು ಮಾಡಬಹುದಾದದ್ದು ಬಹಳ ಕಡಿಮೆ ಎಂಬುದನ್ನು ಹೇಳಲು ಸಂಕಟವಾಗುತ್ತದೆ. ಆದ್ದರಿಂದ ಈ ಬಾರಿ ಮೇವು, ಕೆಚ್ಚಲುಬಾವುಗಳ ವಿಷಯ ಬಿಟ್ಟು ಹಸುವಿನ ತಲೆಯ ಮೇಲಿನ ಮರಮುಟ್ಟಿನ ಬಗ್ಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಎರಡು ಮೂರು ಸೀಮೆಹಸು ಸಾಕುವ ಮನೆಗಳಲ್ಲಿ ಕೊಟ್ಟಿಗೆಯನ್ನು ಹೆಚ್ಚಾಗಿ ಮನೆಯವರೇ ಕಟ್ಟಿಕೊಳ್ಳುತ್ತಾರೆ. ಸ್ವಂತ ಹೊಲದ ನೀಲಗಿರಿ, ಪಕ್ಕದೂರಿನಿಂದ ತಂದ ಸರ್ವೆ ಮರ, ಒಬ್ಬ ಆಚಾರಿ ಒಂದು ದಿನದ ಮಟ್ಟಿಗೆ, ಉಳಿದದ್ದೆಲ್ಲ ಅಣ್ಣತಮ್ಮಂದಿರ ಕೈಕೆಲಸ. ಇದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಶುರುವಾಗುವುದು ಹಳೆಯ ಹೆಂಚು ಇಳಿಸಿ ಅದೇ ಮರದ ಮೇಲೆ ಶೀಟು ಹಾಕಿದಾಗ. ಹೆಂಚಿಗೆಂದು ಕಟ್ಟಿದ ಚೌಕಟ್ಟು ಶೀಟಿಗೆ ಧಾರಾಳವಾಗಿ ಸಾಕು ಎಂದು ಎಲ್ಲರೂ ಭಾವಿಸುತ್ತಾರೆ. ಭಾರ ಹೊರುವುದಕ್ಕೆ ಸಾಕು ನಿಜ, ಗಾಳಿಗೆ ಸಾಲದು.

ಮುಂದಕ್ಕೆ ಹೋಗುವ ಮೊದಲು ಹೆಸರುಗಳನ್ನು ಗೊತ್ತುಮಾಡಿಕೊಳ್ಳೋಣ. ಈ ಗಡಿನಾಡಿನಲ್ಲಿ ಒಂದೇ ಮರಕ್ಕೆ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಹೆಸರಿದೆ. ಇಲ್ಲಿ ಕಂಬಗಳ ಮೇಲೆ ಮಲಗಿಸುವ ಉದ್ದದ ಮರವನ್ನು ತೊಲೆ ಎನ್ನುತ್ತೇನೆ. ನೆತ್ತಿಯಿಂದ ಸೂರಿನವರೆಗೆ ಇಳಿಜಾರಾಗಿ ಬರುವುದು ಜಂತೆ. ಜಂತೆಯ ಮೇಲೆ ಅಡ್ಡಲಾಗಿ ಹೊಡೆಯುವುದು ರೀಪು.

ಒಂದು ಚದರದ ಲೆಕ್ಕ

ಒಂದು ಚದರ ಎಂದರೆ ಹತ್ತು ಅಡಿಗೆ ಹತ್ತು ಅಡಿ. ಒಂದು ಚದರಕ್ಕೆ ಸುಮಾರು 150 ಮಂಗಳೂರು ಹೆಂಚು ಬೇಕು. ಹೆಂಚು ಒಂದಕ್ಕೆ ಎರಡೂವರೆ ಕಿಲೋ ಹಿಡಿದರೂ 375 ಕಿಲೋ ಆಯಿತು. ಅದೇ ಒಂದು ಚದರಕ್ಕೆ ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟು ಹಾಕಿದರೆ ಸುಮಾರು 40 ಕಿಲೋ. ಸಿಮೆಂಟ್ ಶೀಟಾದರೆ 130 ಕಿಲೋ ಆಸುಪಾಸು. ಹೆಂಚು ಇಳಿಸಿ ತಗಡು ಹಾಕಿದವರು ಚೌಕಟ್ಟಿನ ಮೇಲಿದ್ದ ಭಾರದಲ್ಲಿ ಒಂಬತ್ತರಲ್ಲಿ ಎಂಟು ಪಾಲನ್ನು ತೆಗೆದುಬಿಟ್ಟಂತೆ.

ಈಗ ಗಾಳಿಯ ಲೆಕ್ಕ. ಗಾಳಿ ಛಾವಣಿಯ ಮೇಲೆ ವೇಗವಾಗಿ ಹಾಯುವಾಗ ಮೇಲ್ಭಾಗದಲ್ಲಿ ಒತ್ತಡ ತಗ್ಗಿ ಶೀಟನ್ನು ಮೇಲಕ್ಕೆ ಸೆಳೆಯುತ್ತದೆ. ಕೊಟ್ಟಿಗೆ ಒಂದು ಕಡೆ ತೆರೆದಿದ್ದು ಆ ಕಡೆಯಿಂದಲೇ ಗಾಳಿ ನುಗ್ಗಿದರೆ ಕೆಳಗಿನಿಂದಲೂ ನೂಕುತ್ತದೆ. ಬಿಚ್ಚಿದ ಕೊಡೆ ಗಾಳಿಗೆ ಏನಾಗುತ್ತದೆಂದು ನೆನೆಸಿಕೊಳ್ಳಿ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಒಂದು ಚದರದ ಮೇಲೆ ತೋರಿಸಬಲ್ಲ ಶಕ್ತಿ ಸುಮಾರು 230 ಕಿಲೋ ಭಾರಕ್ಕೆ ಸಮ. ಮೂರು ಹಸುವಿನ ಕೊಟ್ಟಿಗೆ ಸೂರೂ ಸೇರಿ ಎರಡು ಚದರ ಇರುತ್ತದೆ. ಅಂದರೆ ಒಂದು ದೊಡ್ಡ ಸೀಮೆಹಸುವಿನಷ್ಟು ಭಾರವನ್ನು ಗಾಳಿ ಮೇಲಕ್ಕೆತ್ತಲು ನೋಡುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಟ್ಟಡಗಳ ಲೆಕ್ಕಕ್ಕೆ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಇಟ್ಟುಕೊಂಡಿರುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗಕ್ಕೆ ಅದೇ ಕೊಟ್ಟಿಗೆಯ ಮೇಲೆ ಎರಡೂವರೆ ಮೂರು ಹಸುಗಳ ಭಾರದಷ್ಟು ಎಳೆತ. ಇದು ಸ್ಥೂಲ ಲೆಕ್ಕ. ಛಾವಣಿಯ ಇಳಿಜಾರು, ಗೋಡೆ, ಸುತ್ತಲಿನ ಮರಗಳ ಮೇಲೆ ಹೆಚ್ಚು ಕಡಿಮೆ ಆಗುತ್ತದೆ.

ಹೆಂಚಿನ ಛಾವಣಿ ತನ್ನ ಭಾರದಿಂದಲೇ ಕುಳಿತಿರುತ್ತದೆ. ಹೆಂಚು ನಾಲ್ಕು ಹಾರಬಹುದು, ಮರ ಎದ್ದುಬರುವುದು ಅಪರೂಪ. ಶೀಟಿನ ಛಾವಣಿ ಹಾಗಲ್ಲ. ಅದನ್ನು ನೆಲಕ್ಕೆ ಕಟ್ಟಿಹಾಕಬೇಕು, ಹೊಸದಾಗಿ ತಂದ ಎತ್ತನ್ನು ಕಟ್ಟಿದ ಹಾಗೆ.

ಶೀಟಿನ ಮೇಲೆ ಕಲ್ಲು, ಹಳೆ ಟಯರು, ಮರಳಿನ ಚೀಲ ಇಡುವ ರೂಢಿ ಎಲ್ಲ ಊರಲ್ಲೂ ಇದೆ. ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ, ನಾಲ್ಕು ಕಲ್ಲಿನಿಂದ ಏನು ಸಾಧ್ಯ? ಶೀಟು ಎದ್ದರೆ ಮೊದಲು ಹಸುವಿನ ಮೇಲೆ ಬೀಳುವುದು ಆ ಕಲ್ಲೇ. ದಯವಿಟ್ಟು ಇಳಿಸಿಬಿಡಿ.

ಆನಿಕೆ ಕೊಡುವುದರಲ್ಲಿ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದದ್ದಿಲ್ಲ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ನೆಲದಡಿಯಲ್ಲಿ ಬಂಡೆಗೆ ಆನಿಕೆ ಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ ಮನೆತನಗಳು ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ ಇವೆ. ಆದರೆ ಗಣಿಯೊಳಗೆ ಬಂಡೆ ಕೆಳಕ್ಕೆ ಒತ್ತುತ್ತದೆ, ಅದಕ್ಕೆ ಕೆಳಗಿನಿಂದ ಮರ ಕೊಟ್ಟರೆ ಒತ್ತಡವೇ ಮರವನ್ನು ಹಿಡಿದಿಡುತ್ತದೆ. ಬಯಲಿನ ಕೊಟ್ಟಿಗೆಯಲ್ಲಿ ಒಂದೇ ತೊಲೆಯನ್ನು ಬೆಳಗ್ಗೆ ಭಾರ ಕೆಳಕ್ಕೆ ಒತ್ತಿ, ಸಂಜೆ ಗಾಳಿ ಮೇಲಕ್ಕೆ ಎತ್ತುತ್ತದೆ. ಬರೀ ಆನಿಕೆಯಾಗಿ ನಿಂತ ಕಂಬ ಆಗ ಕೈಬಿಟ್ಟುಬಿಡುತ್ತದೆ.

ಎಲ್ಲಿ ಬಿಡುತ್ತದೆ?

ಶೀಟು ರೀಪಿಗೆ, ರೀಪು ಜಂತೆಗೆ, ಜಂತೆ ತೊಲೆಗೆ, ತೊಲೆ ಕಂಬಕ್ಕೆ, ಕಂಬ ನೆಲಕ್ಕೆ. ಸರಪಳಿಯ ಕೊಂಡಿಗಳಂತೆ ಇವು ಐದು ಕಡೆ ಸೇರುತ್ತವೆ. ಒಂದು ಬಿಟ್ಟರೆ ಉಳಿದ ನಾಲ್ಕು ಗಟ್ಟಿಯಿದ್ದೂ ಪ್ರಯೋಜನವಿಲ್ಲ.

ಮೊದಲನೆಯದಕ್ಕೆ ಎಲ್ಲರೂ ಗಮನ ಕೊಡುತ್ತಾರೆ, ಜೆ ಬೋಲ್ಟು ವಾಷರ್ ತಂದು ಬಿಗಿಸುತ್ತಾರೆ. ಆಮೇಲೆ ಶೀಟು ಬೀಳುವುದು ನೋಡಿದರೆ ರೀಪನ್ನೂ ಕಟ್ಟಿಕೊಂಡೇ ಬಿದ್ದಿರುತ್ತದೆ. ಕಾರಣ ಎರಡನೆಯ ಕೊಂಡಿ. ರೀಪನ್ನು ಜಂತೆಗೆ ಹಿಡಿದಿದ್ದು ಒಂದೇ ಒಂದು ಮೊಳೆ. ಮೊಳೆಯ ಗುಣ ತಿಳಿದಿರಲಿ: ಅಡ್ಡಡ್ಡಲಾಗಿ ಎಳೆದರೆ ಅದು ಗಟ್ಟಿಯಾಗಿ ಹಿಡಿಯುತ್ತದೆ, ಹೊಡೆದ ದಿಕ್ಕಿನಲ್ಲೇ ಹಿಂದಕ್ಕೆ ಎಳೆದರೆ ಸುಲಭವಾಗಿ ಬಂದುಬಿಡುತ್ತದೆ. ಹೆಂಚಿನ ಭಾರದ ಕೆಳಗೆ ಮೊಳೆಗೆ ಕೆಲಸವೇ ಇರಲಿಲ್ಲ. ಶೀಟಿನ ಕೆಳಗೆ ಎಲ್ಲ ಕೆಲಸವೂ ಅದರದ್ದೇ. ಹಸಿ ನೀಲಗಿರಿಗೆ ಹೊಡೆದ ಮೊಳೆಯಂತೂ ಮರ ಒಣಗಿ ಸೀಳಿದ ಮೇಲೆ ಕೈಯಲ್ಲಿ ಕಿತ್ತರೂ ಬರುತ್ತದೆ.

ಆದ್ದರಿಂದ ರೀಪು ಜಂತೆಯನ್ನು ದಾಟುವ ಪ್ರತಿ ಜಾಗದಲ್ಲೂ ಮೊಳೆಯ ಜೊತೆಗೆ ದಪ್ಪ ಜಿ.ಐ. ತಂತಿಯಿಂದ ಎರಡು ಸುತ್ತು ಬಿಗಿದು ತಿರುಚಬೇಕು. ಕಂಬಿ ಕಟ್ಟುವ ತೆಳು ಬೈಂಡಿಂಗ್ ವೈರ್ ಬೇಡ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಕಡಿಯುತ್ತದೆ. ಜಂತೆ ತೊಲೆಯ ಮೇಲೆ ಕೂರುವ ಕಡೆ ಕಬ್ಬಿಣದ ಪಟ್ಟಿಯನ್ನು ಜಂತೆಯ ಮೇಲಿನಿಂದ ಬಳಸಿ ತೊಲೆಯ ಎರಡೂ ಪಕ್ಕಕ್ಕೆ ಮೊಳೆ ಹೊಡೆಯಿರಿ. ಆಗ ಗಾಳಿ ಎತ್ತಿದರೆ ಮೊಳೆಗೆ ಬೀಳುವುದು ಅಡ್ಡ ಎಳೆತ. ತೊಲೆ ಮತ್ತು ಕಂಬದ ನಡುವೆ ಮಾತ್ರ ನಟ್ಟು ಬೋಲ್ಟೇ ಆಗಬೇಕು.

ಛಾವಣಿಯ ಎಲ್ಲ ಕಡೆ ಎಳೆತ ಒಂದೇ ಸಮ ಇರುವುದಿಲ್ಲ. ಸೂರಿನ ಅಂಚು, ನೆತ್ತಿ, ಅದರಲ್ಲೂ ನಾಲ್ಕು ಮೂಲೆಗಳಲ್ಲಿ ಹೆಚ್ಚು. ಅಲ್ಲಿ ಬೋಲ್ಟುಗಳನ್ನು ಒತ್ತೊತ್ತಾಗಿ ಹಾಕಿ. ಬೋಲ್ಟು ಶೀಟಿನ ಉಬ್ಬಿನಲ್ಲಿ ಬರಬೇಕು, ತಗ್ಗಿನಲ್ಲಿ ಹಾಕಿದರೆ ಸೋರುತ್ತದೆ. ಸೂರನ್ನು ಒಂದೂವರೆ ಅಡಿಗಿಂತ ಹೆಚ್ಚು ಚಾಚಬೇಡಿ. ಇನ್ನೊಂದು ಮಾತು: ಹೆಂಚಿಗೆ ನೀರು ಹರಿದುಹೋಗಲು ಹತ್ತು ಅಡಿಗೆ ಐದಾರು ಅಡಿ ಏರು ಕೊಟ್ಟಿರುತ್ತೀರಿ. ಶೀಟಿಗೆ ಎರಡು ಮೂರು ಅಡಿ ಸಾಕೆಂದು ಹೊಸದಾಗಿ ಕಟ್ಟುವವರು ಮಟ್ಟಸ ಮಾಡಿಬಿಡುತ್ತಾರೆ. ಮಳೆಗೆ ಅದು ಸಾಕು. ಆದರೆ ಮಟ್ಟಸವಾದ ಛಾವಣಿಯನ್ನು ಗಾಳಿ ಹೆಚ್ಚು ಎತ್ತುತ್ತದೆ, ಕೆಳಗಿನ ಬಿಸಿಗಾಳಿ ಹೊರಗೆ ಹೋಗುವುದೂ ಕಷ್ಟ. ಮರ ಸಿಗುವುದಾದರೆ ಹಳೆಯ ಏರನ್ನೇ ಉಳಿಸಿಕೊಳ್ಳಿ.

ಹೆಂಚು ಉಳಿಸಿಕೊಳ್ಳುವವರಿಗೆ

ಹೆಂಚಿನ ಕೊಟ್ಟಿಗೆ ಬೇಸಿಗೆಯಲ್ಲಿ ತಂಪು. ಸೀಮೆಹಸುವಿಗೆ ಅದು ದೊಡ್ಡ ಉಪಕಾರ. ಚೌಕಟ್ಟು ಗಟ್ಟಿಯಿದ್ದರೆ ಹೆಂಚನ್ನು ತೆಗೆಯಬೇಡಿ ಎಂಬುದೇ ನನ್ನ ಅಭಿಪ್ರಾಯ. ಆದರೆ ಹೆಂಚಿನ ಛಾವಣಿಗೆ ಬೇರೆ ಕಾಯಿಲೆ ಇದೆ.

ನುಣುಪಾದ ಒದ್ದೆ ನೆಲದ ಮೇಲೆ ಹಸುವಿನ ಹಿಂಗಾಲು ಎರಡೂ ಪಕ್ಕಕ್ಕೆ ಜಾರಿ ಹಸು ಕುಸಿಯುವುದನ್ನು ನೀವು ನೋಡಿದ್ದೀರಿ. ಕಷ್ಟದ ಹೆರಿಗೆಯ ನಂತರ ಹೀಗಾಗದಿರಲೆಂದು ನಾವು ಎರಡು ಹಿಂಗಾಲಿಗೂ ಸೇರಿಸಿ ಸಡಿಲವಾಗಿ ಹಗ್ಗ ಕಟ್ಟುತ್ತೇವೆ. ನೆತ್ತಿಯಲ್ಲಿ ಸೇರಿದ ಎರಡು ಜಂತೆಗಳದ್ದೂ ಅದೇ ಪರಿಸ್ಥಿತಿ. ಮೇಲಿನ ಭಾರಕ್ಕೆ ಅವುಗಳ ಕಾಲು ಎರಡೂ ಕಡೆ ಜಾರಲು ನೋಡುತ್ತದೆ, ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಮಣ್ಣಿನ ಗೋಡೆ ಮೇಲ್ಭಾಗದಲ್ಲಿ ಹೊರಕ್ಕೆ ವಾಲಿ ಮೂಲೆಯಲ್ಲಿ ಬಿರುಕು ಬಿಟ್ಟಿದ್ದರೆ ಕಾರಣ ಹೆಚ್ಚಿನ ಪಾಲು ಇದೇ. ಜಂತೆಗಳ ಕಾಲು ಜಾರದಂತೆ ಗೋಡೆಯಿಂದ ಗೋಡೆಗೆ ಹಾಯಿಸಿದ ಅಡ್ಡತೊಲೆಯೇ ಆ ಹಗ್ಗ. ಅದು ಜಂತೆಯ ಬುಡದ ಹತ್ತಿರ ಇದ್ದಷ್ಟೂ ಒಳ್ಳೆಯದು, ಮೇಲಕ್ಕೆ ಹೋದಷ್ಟೂ ಉಪಯೋಗ ಕಡಿಮೆ. ಹಾಲು ಕರೆಯುವ ಯಂತ್ರಕ್ಕೆ ಜಾಗವಿಲ್ಲ, ಓಡಾಡಲು ತಲೆಗೆ ತಗಲುತ್ತದೆ ಎಂದು ಇದನ್ನು ಕೊಯ್ದು ಹಾಕಿದ ಕೊಟ್ಟಿಗೆಗಳಿವೆ. ಅಂಥ ಕೊಟ್ಟಿಗೆ ಮೊದಲ ವರ್ಷ ಬೀಳುವುದಿಲ್ಲ, ಅದಕ್ಕೇ ಎಲ್ಲರಿಗೂ ಧೈರ್ಯ. ಅಡ್ಡತೊಲೆಯ ಮೇಲೆ ರಾಗಿಹುಲ್ಲಿನ ಅಟ್ಟ ಮಾಡುವುದೂ ಬೇಡ. ಅದನ್ನು ಹಾಕಿರುವುದು ಎಳೆತಕ್ಕೆ. ನಡುವೆ ಭಾರ ಹೇರಿದರೆ ಬಾಗುತ್ತದೆ. ಬೆಂಕಿಯ ಭಯವಂತೂ ಇದ್ದೇ ಇದೆ.

ನೆತ್ತಿಯ ಕೆಳಗೇ ಸಾಲು ಕಂಬ ನಿಲ್ಲಿಸಿ ಗಟ್ಟಿ ತೊಲೆ ಕೊಟ್ಟರೆ ಜಂತೆಗಳು ಅದರ ಮೇಲೆ ತೂಗಿಕೊಂಡು ಗೋಡೆಯನ್ನು ತಳ್ಳುವುದು ಬಹಳ ಕಡಿಮೆಯಾಗುತ್ತದೆ. ಎರಡು ಸಾಲು ಹಸು ಕಟ್ಟುವ ಕೊಟ್ಟಿಗೆಗೆ ಗೋದಲಿಯ ನೇರಕ್ಕೆ ಈ ಕಂಬಗಳು ಬರುವಂತೆ ನೋಡಿಕೊಂಡರೆ ಅಡಚಣೆಯೂ ಇಲ್ಲ.

ಮನೆಯ ಗೋಡೆಗೆ ಆನಿಸಿ ಒಂದೇ ಕಡೆ ಇಳಿಸುವ ಕೊಟ್ಟಿಗೆಯಲ್ಲಿ ತೊಲೆಯ ತುದಿಯನ್ನು ಮಣ್ಣುಗೋಡೆಯ ತೂತಿಗೆ ತುರುಕಿ ಬಿಡುತ್ತಾರೆ. ಕೆಳಗೆ ಒಂದು ಚಪ್ಪಟೆ ಕಲ್ಲು ಕೊಡಿ, ಭಾರ ಹರಡುತ್ತದೆ. ಶೀಟು ಹಾಕುವುದಾದರೆ ತೊಲೆಗೆ ಕಬ್ಬಿಣದ ಪಟ್ಟಿ ಕಟ್ಟಿ ಗೋಡೆಯಲ್ಲಿ ಎರಡು ಮೂರು ಅಡಿ ಕೆಳಕ್ಕೆ ಇಳಿಸಿ ಹಿಡಿಸಬೇಕು. ಗೋಡೆಯ ಭಾರ ಆಗ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಕಂಬ, ಮರ

ನೀಲಗಿರಿ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಬೆಳೆದಿತ್ತು. ಅಂತರ್ಜಲದ ಕಾರಣಕ್ಕೆ 2017ರಲ್ಲಿ ಸರ್ಕಾರ ಹೊಸದಾಗಿ ಬೆಳೆಸುವುದನ್ನು ತಡೆದು ಆದೇಶ ಹೊರಡಿಸಿತು. ಇರುವ ಮರವನ್ನಾದರೂ ಸರಿಯಾಗಿ ಬಳಸೋಣ. ಕಡಿದ ಕೂಡಲೇ ತೊಗಟೆ ತೆಗೆದು, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಪೇರಿಸಿ, ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ತುದಿಯಿಂದ ಸೀಳುತ್ತದೆ.

ಸಾಮಿಲ್ಲಿನಲ್ಲಿ ಕೊಯ್ಸಿದ ತೊಲೆಯನ್ನು ಅಗಲ ಮಲಗಿಸದೆ ಎತ್ತರ ನಿಲ್ಲಿಸಿ ಹಾಕಿ. ಅಗಲ ಎರಡರಷ್ಟಾದರೆ ಬಲ ಎರಡರಷ್ಟು, ಎತ್ತರ ಎರಡರಷ್ಟಾದರೆ ಬಲ ನಾಲ್ಕರಷ್ಟು. ಹತ್ತು ಅಡಿ ಅಂತರಕ್ಕೆ ಆರು ಇಂಚು ಎತ್ತರದ ತೊಲೆ ಎಂಬುದು ಸಾಧಾರಣ ಅಂದಾಜು. ಎರಡು ತೊಲೆ ಸೇರಿಸುವ ಜೋಡಣೆ ಕಂಬದ ನೆತ್ತಿಯ ಮೇಲೇ ಬರಬೇಕು. ನಡುವೆ ಸೇರಿಸಿ ಪಟ್ಟಿ ಹೊಡೆದು ಒಂದು ಗೂಟ ಆನಿಸುವುದು ಕೆಲಸವಲ್ಲ.

ಕಂಬ ಕೊಳೆಯುವುದು ಬುಡದಲ್ಲಿ, ಸರಿಯಾಗಿ ನೆಲದ ಮಟ್ಟದಲ್ಲಿ. ಕೊಟ್ಟಿಗೆಯಲ್ಲಿ ಗಂಜಲ, ಸಗಣಿ, ತೊಳೆಯುವ ನೀರು ಎಲ್ಲ ಅಲ್ಲೇ ನಿಲ್ಲುತ್ತದೆ, ಗೆದ್ದಲೂ ಅಲ್ಲಿಂದಲೇ ಹತ್ತುತ್ತದೆ. ಮೇಲೆ ನೋಡಿದರೆ ಕಂಬ ಚೆನ್ನಾಗಿಯೇ ಇರುತ್ತದೆ. ಚಾಕು ಅಥವಾ ಸ್ಕ್ರೂ ಡ್ರೈವರ್ ತೆಗೆದುಕೊಂಡು ಬುಡಕ್ಕೆ ಚುಚ್ಚಿ ನೋಡಿ. ಅರ್ಧ ಇಂಚು ಸುಲಭವಾಗಿ ಒಳಹೋದರೆ ಆ ಕಂಬದ ಕಥೆ ಮುಗಿಯಿತು.

ಇದಕ್ಕೆ ನಮ್ಮ ಊರಿನಲ್ಲೇ ಒಳ್ಳೆಯ ಪರಿಹಾರವಿದೆ. ಕಲ್ಲುಕೂಚ. ಕೋಲಾರದ ಕಲ್ಲಿಗೆ ಗಂಜಲವೂ ಇಲ್ಲ, ಗೆದ್ದಲೂ ಇಲ್ಲ. ಎರಡೂವರೆ ಮೂರು ಅಡಿ ಹೂತು ಸುತ್ತ ಕಾಂಕ್ರೀಟು ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಆದರೆ ಕೂಚದ ನೆತ್ತಿಯಲ್ಲಿ ತೊಲೆಯನ್ನು ಸುಮ್ಮನೆ ಕೂರಿಸಿ ತಂತಿ ಸುತ್ತುವ ಪದ್ಧತಿ ಹೆಂಚಿಗೆ ನಡೆಯುತ್ತಿತ್ತು, ಶೀಟಿಗೆ ನಡೆಯುವುದಿಲ್ಲ. ಕಲ್ಲು ಕೆಲಸದವರಿಗೆ ಹೇಳಿ ನೆಡುವ ಮೊದಲೇ ತುದಿಯ ಹತ್ತಿರ ಒಂದು ತೂತು ಹಾಕಿಸಿ, ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಹಾಯಿಸಿ ತೊಲೆಯನ್ನು ಹಿಡಿಸಿ. ಮರದ ಕಂಬವೇ ನೆಡುವವರು ಹೂಳುವ ತುದಿಗೆ ಎರಡು ಅಡ್ಡಪಟ್ಟಿ ಹೊಡೆದು ನೆಡಿ, ಮೇಲಕ್ಕೆ ಕೀಳದಂತೆ ಮಣ್ಣು ಅದನ್ನು ಒತ್ತಿ ಹಿಡಿಯುತ್ತದೆ.

ಕಂಬ ತೊಲೆ ಸೇರುವ ಮೂಲೆಗಳಲ್ಲಿ ಎರಡು ಅಡಿ ಉದ್ದದ ಓರೆ ಮರ ಕೊಡಬೇಕು. ನಾಲ್ಕು ಮೂಲೆಯ ಚೌಕಟ್ಟು ತಳ್ಳಿದರೆ ವಾಲುತ್ತದೆ, ಮೂರು ಮೂಲೆಯದು ವಾಲುವುದಿಲ್ಲ. ಕಂಬ ಹಿಡಿದು ಅಲ್ಲಾಡಿಸಿದಾಗ ಇಡೀ ಕೊಟ್ಟಿಗೆ ತೂಗಾಡಿದರೆ ಇದನ್ನು ಬಿಟ್ಟಿದ್ದೀರಿ ಎಂದರ್ಥ.

ಛಾವಣಿ ಹೊತ್ತ ಕಂಬಕ್ಕೆ ಹಸು ಕಟ್ಟಬೇಡಿ. ನಾನೂರು ಕಿಲೋ ತೂಕದ ಪ್ರಾಣಿ ದಿನಕ್ಕೆ ಹತ್ತಾರು ಸಲ ಎಳೆದು, ಮೈ ಉಜ್ಜಿ, ವರ್ಷದೊಳಗೆ ಬುಡ ಸಡಿಲಿಸುತ್ತದೆ. ಕಟ್ಟಲು ಗೋದಲಿಯ ಬಳಿ ಬೇರೆ ಗೂಟ ಅಥವಾ ಕಬ್ಬಿಣದ ಬಳೆ ಹಾಕಿಸಿ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ. ಗಾಳಿ ಎದ್ದ ಸಂಜೆ ಮೊದಲು ಹಸುಗಳನ್ನು ಬಿಚ್ಚಿ ಬಯಲಿಗೆ ಬಿಡಿ. ಛಾವಣಿ ಹತ್ತಿ ಶೀಟು ಹಿಡಿಯಲು ಯಾರೂ ಹೋಗಬೇಡಿ.

ಬಳಿಯುವ ಎಣ್ಣೆ, ಬೀಳುವ ಮೊಳೆ

ಗೆದ್ದಲಿಗೆಂದು ಕಂಬಕ್ಕೆ ಟ್ರ್ಯಾಕ್ಟರ್, ಬೈಕುಗಳ ಹಳೆ ಎಂಜಿನ್ ಆಯಿಲ್ ಬಳಿಯುತ್ತಾರೆ. ಖನಿಜಾಂಶದ ಕೊರತೆಯಿರುವ ಹಸು, ಕರುಗಳು ಮರ ನೆಕ್ಕುವುದು ಸಾಮಾನ್ಯ. ಆ ಆಯಿಲ್ ಹೊಟ್ಟೆಗೆ ಹೋದರೆ ವಿಷ. ಕೀಟನಾಶಕವೂ ಬೇಡ. ಹಳೆ ಮನೆ ಕೆಡವಿದ ಬಾಗಿಲು ಚೌಕಟ್ಟನ್ನು ತಂದು ಬಳಸುವಾಗ ಅದರ ಹಳೆಯ ಬಣ್ಣವನ್ನು ಬೇರೆ ಕಡೆ ಕೆರೆದು ಹೂತುಹಾಕಿ. ಹಳೆ ಬಣ್ಣಗಳಲ್ಲಿ ಸೀಸ ಇರುತ್ತದೆ. ಅದನ್ನು ನೆಕ್ಕಿದ ಕರು ಕಣ್ಣು ಕಾಣದೆ, ಹಲ್ಲು ಕಡಿದು, ಸೆಳೆತ ಬಂದು ಸಾಯಬಹುದು. ನಾಲಿಗೆಗೆ ಎಟುಕದ ಜಂತೆ, ರೀಪುಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಬೆರೆಸಿದ ದ್ರಾವಣ ಬಳಿದರೆ ಹುಳುವಿಗೆ ಸಾಕು. ಹಸುವಿಗೆ ದಿನವೂ ಖನಿಜ ಮಿಶ್ರಣ ಕೊಡಿ, ನೆಕ್ಕುವ ಚಾಳಿಯೂ ಕಡಿಮೆಯಾಗುತ್ತದೆ.

ತಗಡಿನ ಶೀಟು ಹಾಕುವವರು ಸೂರಿನ ಎತ್ತರ ಏಳೆಂಟು ಅಡಿಗೆ ಕಡಿಮೆ ಮಾಡಬೇಡಿ, ಉದ್ದ ಪೂರ್ವ ಪಶ್ಚಿಮವಾಗಿರಲಿ, ಮೇಲೆ ಬಿಳಿ ಬಣ್ಣ ಬಳಿಯಿರಿ. ಕೊಟ್ಟಿಗೆ ತಂಪು ಮಾಡುವ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಕೆಲಸ ಮುಗಿದ ದಿನ ಸಂಜೆಯೇ ಹಸು ತಂದು ಕಟ್ಟುವುದು ರೂಢಿ. ಒಂದು ದಿನ ತಡೆಯಿರಿ. ನೆಲದಲ್ಲಿ, ಗೋದಲಿಯಲ್ಲಿ ಮೊಳೆ, ತಂತಿಯ ಚೂರು ಉದುರಿರುತ್ತವೆ. ಹಸು ಮೇವನ್ನು ಅಗಿದು ನೋಡಿ ನುಂಗುವುದಿಲ್ಲ, ಮೇವಿನ ಜೊತೆ ಮೊಳೆಯೂ ಒಳಹೋಗುತ್ತದೆ. ಅದು ಹೊಟ್ಟೆಯ ಎರಡನೆಯ ಚೀಲದಲ್ಲಿ ನಿಂತು, ಚುಚ್ಚಿ, ಅದಕ್ಕೆ ಹತ್ತಿರದಲ್ಲೇ ಇರುವ ಹೃದಯವನ್ನು ತಲುಪುತ್ತದೆ. ಹಸು ತಿಂಗಳ ಮೇಲೆ ಮೇವು ಬಿಟ್ಟು, ಬೆನ್ನು ಗೂನು ಮಾಡಿ, ಕೊರಳ ಗಂಗೆದೊಗಲಿನಲ್ಲಿ ನೀರು ತುಂಬಿಕೊಂಡಾಗ ಕೊಟ್ಟಿಗೆಯ ರಿಪೇರಿ ಯಾರಿಗೂ ನೆನಪಿರುವುದಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಇಡೀ ನೆಲ, ಗೋದಲಿ, ಮೇವು ಕತ್ತರಿಸುವ ಜಾಗದಲ್ಲಿ ಎರಡು ಸಲ ಎಳೆದಾಡಿ. ಮಕ್ಕಳಿಗೆ ಹೇಳಿದರೆ ಅವರೇ ಮಾಡುತ್ತಾರೆ. ಸಿಕ್ಕಿದ್ದನ್ನು ಡಬ್ಬಿಗೆ ಹಾಕಿಡಿ. ಹೊಸ ಮರ ಒಣಗಿ ಕುಗ್ಗಿದ ಮೇಲೆ, ಎಂದರೆ ಆರು ತಿಂಗಳಿಗೆ, ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಸಬೇಕಾಗುತ್ತದೆ. ಆಗಲೂ ಅಯಸ್ಕಾಂತ ಎಳೆದೇ ಹಸು ಕಟ್ಟಿ.